ಬೆಳೆಯುವ ಪಟ್ಟಿ



‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ನಮ್ಮ ಹಿರಿಯರು ಹೇಳಿಟ್ಟ ಬುದ್ಧಿಮಾತು. ಕಾಲು ಬೆಳೆದಂತೆಲ್ಲ ಹಾಸಿಗೆಯೂ ತಾನಾಗಿಯೇ ಬೆಳೆಯುವಂತಿದ್ದರೆ ಈ ಗಾದೆ ಹುಟ್ಟುವ ಪ್ರಮೇಯವೇ ಇರುತ್ತಿರಲಿಲ್ಲ. ಆದರೆ ಗಣಕಯಂತ್ರದ ವಿದ್ಯೆಯಲ್ಲಿ ಅಂಥ ಹಾಸಿಗೆಯೊಂದು ಉಂಟೆಂದು ಹೇಳುತ್ತಾರೆ. ಅದರ ಹೆಸರು ಅರೇ ಲಿಸ್ಟ್. ಕನ್ನಡದಲ್ಲಿ ‘ಬೆಳೆಯುವ ಪಟ್ಟಿ’ ಎಂದು ಕರೆದರೆ ಅರ್ಥಕ್ಕೆ ಲೋಪವಿಲ್ಲ. ಅದಕ್ಕೆ ಒಂದು ಹೆಸರು ಸೇರಿಸಿ, ನೂರು ಸೇರಿಸಿ, ಲಕ್ಷ ಸೇರಿಸಿ. ಗಣಕದಲ್ಲಿ ಸ್ಥಳವಿರುವ ತನಕ ಅದು ಬೇಡವೆನ್ನುವುದಿಲ್ಲ. ‘ಇದು ತಾನಾಗಿ ಬೆಳೆಯುತ್ತದೆ’ ಎಂದು ಪಠ್ಯಪುಸ್ತಕ ಒಂದೇ ವಾಕ್ಯದಲ್ಲಿ ಹೇಳಿ ಮುಂದಕ್ಕೆ ಸಾಗುತ್ತದೆ. ವಿದ್ಯಾರ್ಥಿ ಆ ವಾಕ್ಯವನ್ನು ಕಂಠಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಅಂಕವನ್ನೂ ಪಡೆಯುತ್ತಾನೆ.

‘ತಾನಾಗಿ’ ಎಂಬ ಪದ ಕಂಡಲ್ಲಿ ಕೊಂಚ ನಿಂತು ಯೋಚಿಸುವುದು ಒಳ್ಳೆಯದು. ಮೇಲಿನ ಅಂತಸ್ತಿನ ನಲ್ಲಿಗೆ ನೀರು ತಾನಾಗಿ ಬರುವುದಿಲ್ಲ. ಎಲ್ಲಿಯೋ ಒಂದು ಪಂಪು ಅದನ್ನು ಎತ್ತಿ ಕೊಟ್ಟಿರುತ್ತದೆ. ಪಟ್ಟಿಯೂ ಹಾಗೆಯೇ. ಅದರ ಬೆಳವಣಿಗೆಗೆ ಬೆಲೆಯೊಂದುಂಟು. ಆ ಬೆಲೆ ಎಷ್ಟು, ಅದನ್ನು ತೆರುವವರು ಯಾರು, ತೆರುವ ಹೊತ್ತು ಯಾವುದು ಎಂಬುದನ್ನು ವಿಚಾರಮಾಡುವುದೇ ಈ ಹೊತ್ತಿನ ಭಾಷಣದ ಉದ್ದೇಶ.

ಕನ್ನಡ ಪಂಡಿತನಿಗೆ ಗಣಕಯಂತ್ರದ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಉತ್ತರ ಸರಳವಾಗಿದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ನಮ್ಮ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದೊಡನೆ ಈ ವಿದ್ಯೆಯನ್ನು ಇಂಗ್ಲಿಷಿನಲ್ಲಿ ಎದುರುಗೊಳ್ಳುತ್ತಾರೆ. ವಿಷಯ ಕಠಿನವೋ ಮಾತು ಕಠಿನವೋ ತಿಳಿಯದೆ, ತಮ್ಮ ಬುದ್ಧಿಯೇ ಸಾಲದೆಂದು ಎದೆಗುಂದುವವರು ಅನೇಕರು. ವಿಷಯ ಕಠಿನವಲ್ಲ. ಪಾಠಶಾಲೆಯ ಹಾಜರಿ ಪುಸ್ತಕವನ್ನು ಬಲ್ಲವರು ಇದನ್ನೂ ಬಲ್ಲರು. ಅದನ್ನೇ ಮುಂದಿಟ್ಟುಕೊಂಡು ಹೊರಡೋಣ.

ಗಣಕದ ಸ್ಮೃತಿಯೆಂಬುದು ಒಂದೇ ಸಾಲಿನಲ್ಲಿ ಜೋಡಿಸಿದ ಲೆಕ್ಕವಿಲ್ಲದಷ್ಟು ಪುಟ್ಟ ಪೆಟ್ಟಿಗೆಗಳ ಬೀದಿ. ಪ್ರತಿಯೊಂದಕ್ಕೂ ಒಂದು ಮನೆನಂಬರು ಇದೆ. ಈ ಬೀದಿಯಲ್ಲಿ ಒತ್ತೊತ್ತಾಗಿ ಇಂತಿಷ್ಟೆಂದು ಹಿಡಿದಿಟ್ಟ ಮನೆಗಳ ಸಾಲಿಗೆ ಅರೇ ಎಂದು ಹೆಸರು. ನಾಲ್ವತ್ತು ಗೆರೆಗಳ ಹಾಜರಿ ಪುಸ್ತಕ ಹೇಗೋ ಹಾಗೆ. ಇದರ ದೊಡ್ಡ ಗುಣ ವೇಗ. ಸಾಲಿನ ಮೊದಲ ಮನೆಯ ನಂಬರು ೧೦೦೦, ಒಂದೊಂದು ಮನೆಯ ಅಗಲ ೪ ಎಂದು ಇಟ್ಟುಕೊಳ್ಳಿ. ೩೭ ಎಂಬ ಸಂಖ್ಯೆಯ ಮನೆ ಎಲ್ಲಿದೆ? ಒಂದೊಂದಾಗಿ ಎಣಿಸುತ್ತ ಹೋಗಬೇಕಾಗಿಲ್ಲ. ೩೭ನ್ನು ೪ರಿಂದ ಗುಣಿಸಿ ೧೦೦೦ಕ್ಕೆ ಕೂಡಿದರೆ ೧೧೪೮. ನೇರವಾಗಿ ಆ ಬಾಗಿಲಿಗೇ ಹೋಗಬಹುದು. ಸಾಲಿನಲ್ಲಿ ಹತ್ತು ಮನೆಗಳಿದ್ದರೂ ಹತ್ತು ಕೋಟಿ ಇದ್ದರೂ ಲೆಕ್ಕ ಒಂದೇ ಗುಣಾಕಾರ, ಒಂದೇ ಸಂಕಲನ.

ಇಲ್ಲಿಯೇ ಇನ್ನೊಂದು ಸಂಶಯವೂ ಪರಿಹಾರವಾಗುತ್ತದೆ. ಗಣಕದವರು ಎಣಿಕೆಯನ್ನು ಒಂದರಿಂದ ಆರಂಭಿಸದೆ ಸೊನ್ನೆಯಿಂದ ಏಕೆ ಆರಂಭಿಸುತ್ತಾರೆಂದು ಮಕ್ಕಳು ಕೇಳುವುದುಂಟು. ಅವರು ಹೇಳುವ ಸಂಖ್ಯೆ ಸ್ಥಾನವನ್ನಲ್ಲ, ದೂರವನ್ನು ಸೂಚಿಸುತ್ತದೆ. ಮೊದಲ ಮನೆ ಮೊದಲ ಮನೆಯಿಂದ ಎಷ್ಟು ದೂರ? ಸೊನ್ನೆ ದೂರ. ಆದುದರಿಂದ ಅದರ ಸಂಖ್ಯೆ ಸೊನ್ನೆ. ಈಗ ಹೇಳಿದ ೩೭ ಎಂಬ ಸಂಖ್ಯೆಯ ಮನೆ ನಮ್ಮ ಬೆರಳೆಣಿಕೆಗೆ ಮೂವತ್ತೆಂಟನೆಯದು. ಇಷ್ಟು ಮಾತು ತಿಳಿದರೆ ಸಾಕು, ಗೊಂದಲ ಕಳೆಯುತ್ತದೆ.

ಇನ್ನು ಈ ಸಾಲಿನ ದೋಷವನ್ನು ನೋಡಿ. ನಾಲ್ವತ್ತು ಗೆರೆಗಳು ತುಂಬಿವೆ. ನಾಲ್ವತ್ತೊಂದನೆಯ ಹುಡುಗ ಬಂದು ಸೇರಿದ. ಪುಸ್ತಕವಾದರೆ ಅಂಚಿನಲ್ಲಿ ತುರುಕಿ ಬರೆದೇವು. ಗಣಕದ ಬೀದಿಯಲ್ಲಿ ಅಂಚೆಂಬುದಿಲ್ಲ. ನಮ್ಮ ಕೊನೆಯ ಮನೆಗೆ ಒತ್ತಿಕೊಂಡೇ ಮತ್ತೊಬ್ಬರ ಮನೆ ಎದ್ದಿರಬಹುದು. ಅವರ ಗೋಡೆಯನ್ನು ಒಡೆದರೆ ಅವರ ಬದುಕು ಹಾಳಾಗುತ್ತದೆ. ಹಾಗೆಂದು ಮೊದಲೇ ಲಕ್ಷ ಗೆರೆಗಳ ಪುಸ್ತಕ ಹೊಲಿಸಿಟ್ಟರೆ, ನಾಲ್ವತ್ತು ಮಕ್ಕಳ ತರಗತಿಗೆ ಉಳಿದ ಕಾಗದವೆಲ್ಲ ದಂಡ. ಆದಕಾರಣ ಒಂದೇ ದಾರಿ ಉಳಿಯುತ್ತದೆ. ಬೇರೊಂದು ಕಡೆ ಇನ್ನೂ ದೊಡ್ಡ ಸಾಲನ್ನು ಹಿಡಿದು, ಹಳೆಯ ಹೆಸರುಗಳನ್ನೆಲ್ಲ ಅಲ್ಲಿಗೆ ನಕಲು ಮಾಡಿ, ಹೊಸ ಹೆಸರನ್ನು ಅದರ ಕೆಳಗೆ ಬರೆದು, ಹಳೆಯ ಸಾಲನ್ನು ಬಿಟ್ಟುಕೊಡುವುದು. ಎಂದ ಮೇಲೆ, ಬೆಳೆಯುವ ಪಟ್ಟಿ ನಿಜವಾಗಿ ಬೆಳೆಯುವುದೇ ಇಲ್ಲ. ಅದು ಪುಸ್ತಕ ಬದಲಾಯಿಸುತ್ತದೆ, ಅಷ್ಟೆ.

ಹಾಗಾದರೆ ಅದು ಬೆಳೆದಂತೆ ನಮಗೆ ತೋರುವುದೇಕೆ? ಈ ಪ್ರಶ್ನೆಗೆ ಆಬ್ಜೆಕ್ಟ್ ಎಂಬ ಕಲ್ಪನೆ ಉತ್ತರ ಕೊಡುತ್ತದೆ. ನಾರ್ವೆ ದೇಶದ ಓಸ್ಲೋ ನಗರದಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ ಎಂಬ ಇಬ್ಬರು ವಿದ್ವಾಂಸರು ೧೯೬೦ರ ದಶಕದಲ್ಲಿ ಸಿಮ್ಯುಲಾ ಎಂಬ ಗಣಕಭಾಷೆಯನ್ನು ರಚಿಸಿದರು. ಲೋಕವ್ಯವಹಾರಗಳ ನಡೆಯನ್ನು ಗಣಕದೊಳಗೆ ಅನುಕರಿಸಿ ನೋಡುವುದು ಅವರ ಗುರಿಯಾಗಿತ್ತು. ಅದರ ೧೯೬೭ರ ರೂಪದಲ್ಲಿ ಈ ಆಬ್ಜೆಕ್ಟಿನ ಕಲ್ಪನೆ ಸ್ಪಷ್ಟವಾಗಿ ಮೈತಳೆಯಿತು. ಮುಂದೆ ೧೯೭೦ರ ದಶಕದಲ್ಲಿ ಅಮೆರಿಕದ ಅಲನ್ ಕೇ ಮತ್ತು ಅವರ ಸಂಗಡಿಗರು ಸ್ಮಾಲ್‌ಟಾಕ್ ಎಂಬ ಭಾಷೆಯಲ್ಲಿ ಅದನ್ನು ಪೂರ್ಣವಾಗಿ ಬೆಳೆಸಿದರು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಆಬ್ಜೆಕ್ಟ್ ಎಂಬುದು ತನಗೆ ಸಲ್ಲುವ ಕ್ರಿಯಾಪದಗಳನ್ನು ತನ್ನೊಡನೆಯೇ ಹೊತ್ತಿರುವ ನಾಮಪದ. ‘ಸೇರಿಸು’, ‘ತೆಗೆ’, ‘ಎಷ್ಟಿದೆ ಹೇಳು’ ಎಂಬ ಕ್ರಿಯೆಗಳು ಪಟ್ಟಿಯ ಹೊರಗೆ ಅಲೆಯುವುದಿಲ್ಲ. ಪಟ್ಟಿಯೇ ಅವನ್ನು ಬಲ್ಲುದು. ನಾವು ಆಜ್ಞೆ ಕೊಡುತ್ತೇವೆ. ಒಳಗೆ ಅದು ಹೇಗೆ ನಡೆಯಿತೆಂದು ಕೇಳುವುದಿಲ್ಲ.

ಮುಖ್ಯೋಪಾಧ್ಯಾಯರು ಜವಾನನನ್ನು ಕರೆದು ‘ಎಂಟನೆಯ ತರಗತಿಯ ಹಾಜರಿ ಪುಸ್ತಕ ತಾ’ ಎನ್ನುತ್ತಾರೆ. ಕಳೆದ ವಾರ ತರಗತಿಯ ಉಪಾಧ್ಯಾಯರು ಹಳೆಯದನ್ನು ಬಿಟ್ಟು ಹೊಸದರಲ್ಲಿ ಹೆಸರುಗಳನ್ನೆಲ್ಲ ಬರೆದಿದ್ದರೆ, ಆ ಸಂಗತಿ ಮುಖ್ಯೋಪಾಧ್ಯಾಯರಿಗೆ ತಿಳಿಯಬೇಕಾದುದಿಲ್ಲ. ಅವರು ಕೇಳಿದ ಹೆಸರು ಅದೇ. ಕೈಗೆ ಬಂದುದು ಎಂಟನೆಯ ತರಗತಿಯ ಪುಸ್ತಕವೇ. ಒಳಗಿನ ಕಾಗದ ಬದಲಾದರೂ ಹೊರಗಿನ ಹೆಸರು ಬದಲಾಗದಿರುವುದೇ ‘ತಾನಾಗಿ ಬೆಳೆಯುತ್ತದೆ’ ಎಂಬ ಮಾಯೆಯ ಮರ್ಮ.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಹೊಸ ಪುಸ್ತಕಕ್ಕೆ ನಕಲಾದವು ಹೆಸರುಗಳು. ಹುಡುಗರು ಕುಳಿತಲ್ಲಿಯೇ ಕುಳಿತಿದ್ದಾರೆ. ಜಾವಾ ಭಾಷೆಯ ಅರೇ ಲಿಸ್ಟಿನಲ್ಲಿಯೂ ಹೀಗೆಯೇ. ಸಾಲಿನ ಮನೆಗಳಲ್ಲಿ ಇರುವುದು ವಸ್ತುಗಳಲ್ಲ, ವಸ್ತುಗಳಿರುವ ಸ್ಥಳದ ವಿಳಾಸಗಳು. ವಸ್ತು ಎಷ್ಟೇ ದೊಡ್ಡದಾಗಿರಲಿ, ನಕಲು ಮಾಡಬೇಕಾದುದು ಅದರ ವಿಳಾಸವನ್ನು ಮಾತ್ರ.

ಪಟ್ಟಿಯ ಒಳಗೆ ಎರಡು ಸಂಖ್ಯೆಗಳು ಯಾವಾಗಲೂ ಇರುತ್ತವೆ. ಎಷ್ಟು ಹೆಸರುಗಳಿವೆ ಎಂಬುದು ಒಂದು. ಇದನ್ನು ಎಣಿಕೆ ಎನ್ನೋಣ. ಎಷ್ಟು ಹೆಸರುಗಳಿಗೆ ಗೆರೆಗಳಿವೆ ಎಂಬುದು ಇನ್ನೊಂದು; ಇದನ್ನು ಅವಕಾಶ ಎನ್ನೋಣ. ಎಣಿಕೆಯು ಅವಕಾಶಕ್ಕಿಂತ ಕಡಿಮೆಯಿರುವ ತನಕ ಸೇರಿಸುವ ಕೆಲಸ ಬಲು ಹಗುರ: ಮುಂದಿನ ಗೆರೆಯಲ್ಲಿ ಬರೆ, ಎಣಿಕೆಗೆ ಒಂದನ್ನು ಕೂಡು. ಎರಡೂ ಸಮನಾದಾಗಲೇ ಪುಸ್ತಕ ಬದಲಾಯಿಸುವ ಪ್ರಸಂಗ ಬರುತ್ತದೆ. ಹೊರಗಿನವರಿಗೆ ಎಣಿಕೆ ಮಾತ್ರ ಕಾಣುತ್ತದೆ. ಅವಕಾಶ ಮನೆಯೊಳಗಿನ ಗುಟ್ಟು.

ಈಗ ಮುಖ್ಯವಾದ ಪ್ರಶ್ನೆಗೆ ಬಂದೆವು. ಹೊಸ ಪುಸ್ತಕ ಹಳೆಯದಕ್ಕಿಂತ ಎಷ್ಟು ದೊಡ್ಡದಾಗಿರಬೇಕು?

ಜಿಪುಣನು ಹೇಳುತ್ತಾನೆ: ‘ಬಂದವನು ಒಬ್ಬ, ಒಂದು ಗೆರೆ ಹೆಚ್ಚಿದ್ದರೆ ಸಾಕು.’ ಅವನ ಮಾತಿನಂತೆ ನಡೆದರೆ ಪ್ರತಿ ಹೊಸಬನಿಗೂ ಹಳಬರ ಹೆಸರುಗಳನ್ನೆಲ್ಲ ಹೊಸದಾಗಿ ಬರೆಯಬೇಕು. ಲಕ್ಷ ಹೆಸರು ಸೇರುವುದರೊಳಗೆ ಒಟ್ಟು ನಕಲುಗಳು ಸುಮಾರು ೫೦೦ ಕೋಟಿ. ಒಂದರಿಂದ ಲಕ್ಷದವರೆಗೆ ಸಂಖ್ಯೆಗಳನ್ನು ಕೂಡುವ ಲೆಕ್ಕ ಗೊತ್ತಿರುವವರು ಇದನ್ನು ತಾವೇ ಪರೀಕ್ಷಿಸಿ ನೋಡಬಹುದು.

ಮಿತವ್ಯಯಿಯು ಹೇಳುತ್ತಾನೆ: ‘ಸಲಕ್ಕೊಂದು ಗೆರೆ ಬೇಡ, ಪ್ರತಿ ಸಲ ನೂರು ಗೆರೆ ಹೆಚ್ಚಿಸೋಣ.’ ಮಾತು ವಿವೇಕದ್ದೆಂದು ತೋರುತ್ತದೆ. ಲಕ್ಷ ಹೆಸರಿಗೆ ನಕಲುಗಳು ಸುಮಾರು ೫ ಕೋಟಿಗೆ ಇಳಿಯುತ್ತವೆ. ಆದರೆ ಹೆಸರುಗಳು ಹತ್ತು ಲಕ್ಷವಾದರೆ ನಕಲುಗಳು ಮತ್ತೆ ೫೦೦ ಕೋಟಿಗೆ ಏರುತ್ತವೆ. ಹೆಸರು ಹತ್ತುಪಟ್ಟಾದರೆ ಶ್ರಮ ನೂರುಪಟ್ಟಾಗುತ್ತದೆ. ರೋಗದ ವೇಗ ತಗ್ಗಿತೇ ಹೊರತು ರೋಗ ಹೋಗಲಿಲ್ಲ.

ಮೂರನೆಯವನು ಹೇಳುತ್ತಾನೆ: ‘ಪ್ರತಿ ಸಲವೂ ಇದ್ದುದರ ಎರಡರಷ್ಟು ಮಾಡೋಣ.’ ಒಂದು, ಎರಡು, ನಾಲ್ಕು, ಎಂಟು, ಹದಿನಾರು, ಹೀಗೆ. ಕೇಳಿದೊಡನೆ ಇದು ದುಂದುವೆಚ್ಚವೆಂದು ತೋರುವುದು ಸಹಜ. ಆದರೆ ಲೆಕ್ಕ ಮಾಡಿ ನೋಡಿ. ಲಕ್ಷ ಹೆಸರಿಗೆ ಪುಸ್ತಕ ಬದಲಾಯಿಸುವ ಪ್ರಸಂಗ ೧೭ ಸಲ ಮಾತ್ರ. ಒಟ್ಟು ನಕಲುಗಳು ೧,೩೧,೦೭೧. ಹತ್ತು ಲಕ್ಷ ಹೆಸರಿಗೆ ಪ್ರಸಂಗ ೨೦ ಸಲ, ನಕಲುಗಳು ೧೦,೪೮,೫೭೫. ಹೆಸರು ಎಷ್ಟೇ ಬೆಳೆಯಲಿ, ಒಟ್ಟು ನಕಲುಗಳು ಹೆಸರುಗಳ ಎರಡರಷ್ಟನ್ನು ಎಂದೂ ಮುಟ್ಟುವುದಿಲ್ಲ. ದುಂದುಗಾರನೆಂದು ನಾವು ತಿಳಿದವನೇ ನಿಜವಾದ ಮಿತವ್ಯಯಿ.

ಇದು ಬರಿಯ ಕಾಗದದ ಲೆಕ್ಕವಲ್ಲ. ಪರೀಕ್ಷೆಯ ಫಲಿತಾಂಶದ ದಿನ ಲಕ್ಷಗಟ್ಟಲೆ ಮಕ್ಕಳ ಹೆಸರುಗಳನ್ನು ಒಂದು ಪಟ್ಟಿಗೆ ತರಬೇಕಾಗಿದೆ ಎಂದು ಭಾವಿಸಿ. ಸೆಕೆಂಡಿಗೆ ಹತ್ತು ಕೋಟಿ ನಕಲು ಮಾಡಬಲ್ಲ ಗಣಕ ನಮ್ಮಲ್ಲಿದೆ ಎಂದೂ ಇಟ್ಟುಕೊಳ್ಳೋಣ. ಹತ್ತು ಲಕ್ಷ ಹೆಸರಿಗೆ ಜಿಪುಣನ ವಿಧಾನದಲ್ಲಿ ೫೦,೦೦೦ ಕೋಟಿ ನಕಲುಗಳು. ೫,೦೦೦ ಸೆಕೆಂಡು, ಎಂದರೆ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಾಲ ಬೇಕು. ಎರಡರಷ್ಟು ಮಾಡುವ ವಿಧಾನದಲ್ಲಿ ಸೆಕೆಂಡಿನ ನೂರರಲ್ಲೊಂದು ಭಾಗ. ಗಣಕ ಒಂದೇ, ಹೆಸರುಗಳೂ ಅವೇ. ವ್ಯತ್ಯಾಸ ಬರೆದವನ ತಿಳಿವಳಿಕೆಯಲ್ಲಿ ಇದೆ. ದುರದೃಷ್ಟವೇನೆಂದರೆ, ಪ್ರಯೋಗಶಾಲೆಯಲ್ಲಿ ನಾಲ್ವತ್ತು ಹೆಸರು ಹಾಕಿ ಪರೀಕ್ಷಿಸಿದರೆ ಎರಡು ವಿಧಾನಗಳೂ ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿಯುತ್ತವೆ. ಕಂಠಪಾಠದಿಂದ ಪಡೆದ ವಿದ್ಯೆಯ ಕೊರತೆ ಪ್ರಯೋಗಶಾಲೆಯಲ್ಲಿ ತಿಳಿಯುವುದಿಲ್ಲ. ಬಾಗಿಲಲ್ಲಿ ಸಾವಿರಾರು ಮಂದಿ ಕಾದು ನಿಂತಾಗಲೇ ತಿಳಿಯುತ್ತದೆ.

ಈ ಯುಕ್ತಿ ಏಕೆ ಫಲಿಸುತ್ತದೆಂಬುದನ್ನು ಹಣದ ಲೆಕ್ಕದಲ್ಲಿ ನೋಡೋಣ. ಒಂದು ಹೆಸರು ಬರೆಯಲು ಒಂದು ರೂಪಾಯಿ ಕೂಲಿ ಎನ್ನಿ. ಬಂದು ಸೇರುವ ಪ್ರತಿಯೊಬ್ಬನಿಂದಲೂ ಮೂರು ರೂಪಾಯಿ ಪಡೆಯೋಣ. ಒಂದು ರೂಪಾಯಿ ಅವನ ಹೆಸರು ಬರೆಯಲು ಆಗಲೇ ಖರ್ಚಾಗುತ್ತದೆ. ಎರಡು ರೂಪಾಯಿ ಡಬ್ಬಿಯಲ್ಲಿ ಉಳಿಯುತ್ತದೆ. ಎಂಟು ಗೆರೆಗಳಿಂದ ಹದಿನಾರಕ್ಕೆ ಈಗ ತಾನೇ ಬಂದಿದ್ದೇವೆ, ಡಬ್ಬಿ ಬರಿದಾಗಿದೆ. ಮುಂದೆ ಎಂಟು ಮಂದಿ ಹೊಸಬರು ಬಂದಾಗ ಪುಸ್ತಕ ತುಂಬುತ್ತದೆ. ಡಬ್ಬಿಯಲ್ಲಿ ಹದಿನಾರು ರೂಪಾಯಿ ಸೇರಿರುತ್ತದೆ. ಹದಿನಾರು ಹೆಸರುಗಳನ್ನು ಮೂವತ್ತೆರಡು ಗೆರೆಗಳ ಪುಸ್ತಕಕ್ಕೆ ನಕಲು ಮಾಡಲು ಬೇಕಾದ ಕೂಲಿ ಎಷ್ಟು? ಸರಿಯಾಗಿ ಹದಿನಾರು ರೂಪಾಯಿ. ಪ್ರತಿ ಹೊಸಬನೂ ತನ್ನ ಮುಂದಿನ ನಕಲಿಗೆ ಒಂದು, ತನಗಿಂತ ಮೊದಲು ಬಂದ ಒಬ್ಬನ ನಕಲಿಗೆ ಒಂದು ಎಂದು ಕೊಟ್ಟಂತಾಯಿತು. ಪಟ್ಟಿ ಎಷ್ಟು ದೊಡ್ಡದಾದರೂ ಪ್ರವೇಶದ ಶುಲ್ಕ ಮೂರು ರೂಪಾಯಿಯನ್ನು ಮೀರುವುದಿಲ್ಲ.

ನೂರು ನೂರು ಗೆರೆ ಹೆಚ್ಚಿಸುವ ವಿಧಾನದಲ್ಲಿ ಹೀಗಾಗದು. ಸಾವಿರ ಹೆಸರಿರುವಾಗ ಬಂದ ನೂರು ಮಂದಿ ಆ ಸಾವಿರ ನಕಲುಗಳ ಭಾರ ಹೊರಬೇಕು. ತಲೆಗೆ ಹತ್ತು ರೂಪಾಯಿ. ಲಕ್ಷ ಹೆಸರಿರುವಾಗ ಬಂದ ನೂರು ಮಂದಿಗೆ ತಲೆಗೆ ಸಾವಿರ ರೂಪಾಯಿ. ತಡವಾಗಿ ಹುಟ್ಟಿದ ತಪ್ಪಿಗೆ ದಂಡ ಹಾಕಿದಂತೆ! ಬೆಳವಣಿಗೆಯು ಇದ್ದುದಕ್ಕೆ ಅನುಗುಣವಾಗಿದ್ದರೆ ಭಾರ ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತದೆ. ನಿಗದಿಯಾದ ಅಳತೆಯದಾಗಿದ್ದರೆ ಹಿಂದೆ ಬಂದವರ ಹೆಗಲ ಮೇಲೆ ಬೀಳುತ್ತದೆ. ಭಾಷಣದಲ್ಲಿ ನೆನಪಿಡಬೇಕಾದ ಮಾತು ಒಂದೇ ಎಂದರೆ ಇದೇ.

ಅಪರೂಪಕ್ಕೆ ಬರುವ ದೊಡ್ಡ ವೆಚ್ಚವನ್ನು ದಿನದಿನದ ಸಣ್ಣ ಕೆಲಸಗಳಿಗೆ ಹಂಚಿ ಲೆಕ್ಕಹಾಕುವ ಈ ಕ್ರಮವನ್ನು ಅಮೆರಿಕದ ರಾಬರ್ಟ್ ಟಾರ್ಜನ್ ಎಂಬ ವಿದ್ವಾಂಸರು ೧೯೮೫ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಶಾಸ್ತ್ರೀಯವಾಗಿ ನಿರೂಪಿಸಿದರು. ಇಂಗ್ಲಿಷಿನಲ್ಲಿ ಅದಕ್ಕೆ ಅಮಾರ್ಟೈಸ್ಡ್ ಎಂಬ ವಿಶೇಷಣವಿದೆ. ಸಾಲವನ್ನು ಸ್ವಲ್ಪ ಸ್ವಲ್ಪವಾಗಿ ತೀರಿಸುವುದು ಎಂಬ ಅರ್ಥದಲ್ಲಿ ಲೇವಾದೇವಿಯವರು ಬಳಸುತ್ತಿದ್ದ ಪದವದು. ನಾವು ಕಂತಿನ ಲೆಕ್ಕ ಎಂದರೆ ಹಳ್ಳಿಯವರಿಗೂ ಅರ್ಥವಾದೀತು. ವ್ಯತ್ಯಾಸ ಇಷ್ಟೇ: ಸಾಲದ ಕಂತು ಖರ್ಚಾದ ಮೇಲೆ ಕಟ್ಟುವುದು, ಇಲ್ಲಿ ಖರ್ಚು ಬರುವುದಕ್ಕೆ ಮೊದಲೇ ಕಟ್ಟಿಟ್ಟಿರುತ್ತೇವೆ.

ಈಗ ಬಳಕೆಯಲ್ಲಿರುವ ಒಂದು ಉದಾಹರಣೆಯನ್ನು ನೋಡೋಣ. ಜಾವಾ ಭಾಷೆಯ ಅರೇ ಲಿಸ್ಟ್ ೧೯೯೮ರ ಡಿಸೆಂಬರಿನಲ್ಲಿ ಹೊರಬಂದ ಆವೃತ್ತಿಯಲ್ಲಿ ಮೊದಲು ಕಾಣಿಸಿಕೊಂಡಿತು. ಅದು ಸೇರಿರುವ ಸಂಗ್ರಹ ವ್ಯವಸ್ಥೆಯ ರಚನೆಗೆ ಮುಖ್ಯ ಕಾರಣರಾದವರು ಜೋಶುವಾ ಬ್ಲಾಕ್. ಇದಕ್ಕೆ ಮೊದಲು ಅದೇ ಭಾಷೆಯಲ್ಲಿ ವೆಕ್ಟರ್ ಎಂಬ ಪಟ್ಟಿಯಿತ್ತು, ಇಂದಿಗೂ ಇದೆ. ಬೇರೆ ಅಳತೆ ಹೇಳದಿದ್ದರೆ ಅದು ಎರಡರಷ್ಟಾಗಿ ಬೆಳೆಯುತ್ತದೆ. ಅರೇ ಲಿಸ್ಟಿನ ಈಗಿನ ರೂಪ ಒಂದೂವರೆಯಷ್ಟಾಗಿ ಬೆಳೆಯುತ್ತದೆ. ಅವಕಾಶವನ್ನು ನಾವು ನಿಗದಿ ಮಾಡದಿದ್ದರೆ, ಮೊದಲ ಹೆಸರು ಬಂದಾಗ ಹತ್ತು ಮನೆಗಳು. ಅವು ತುಂಬಿದರೆ ೧೫. ಅನಂತರ ೨೨, ೩೩, ೪೯, ೭೩, ೧೦೯. ಅರವತ್ತು ಮಕ್ಕಳ ತರಗತಿಯೊಂದು ಒಬ್ಬೊಬ್ಬರಾಗಿ ಸೇರಿದರೆ ಪುಸ್ತಕ ಐದು ಸಲ ಬದಲಾಗುತ್ತದೆ, ೧೨೯ ಹೆಸರುಗಳು ನಕಲಾಗುತ್ತವೆ, ಕೊನೆಗೆ ೧೩ ಗೆರೆಗಳು ಬರಿದಾಗಿ ಉಳಿಯುತ್ತವೆ.

ಎರಡರಷ್ಟೋ ಒಂದೂವರೆಯಷ್ಟೋ ಎಂಬುದು ಕಾಲಕ್ಕೂ ಸ್ಥಳಕ್ಕೂ ನಡೆಯುವ ಚೌಕಾಶಿ. ಎರಡರಷ್ಟಾದರೆ ನಕಲು ಕಡಿಮೆ, ಆದರೆ ಪುಸ್ತಕದ ಅರ್ಧದವರೆಗೂ ಬರಿದಿರಬಹುದು. ಒಂದೂವರೆಯಷ್ಟಾದರೆ ಬರಿದಾಗುವ ಭಾಗ ಸುಮಾರು ಮೂರರಲ್ಲೊಂದನ್ನು ಮೀರದು, ಆದರೆ ನಕಲಿನ ಶ್ರಮ ಕೊಂಚ ಹೆಚ್ಚು. ಪೈಥಾನ್ ಎಂಬ ಭಾಷೆಯ ಪಟ್ಟಿ ಇನ್ನೂ ಕೈಬಿಗಿ. ದೊಡ್ಡದಾದ ಮೇಲೆ ಸುಮಾರು ಎಂಟರಲ್ಲೊಂದು ಭಾಗವನ್ನು ಮಾತ್ರ ಹೆಚ್ಚಾಗಿ ಹಿಡಿಯುತ್ತದೆ. ಅಳತೆ ಬೇರೆಯಾದರೂ ಧರ್ಮ ಒಂದೇ: ಹೆಚ್ಚಳವು ಇದ್ದುದರ ಒಂದು ಅಂಶವಾಗಿರಬೇಕು.

ಇಷ್ಟೆಲ್ಲ ಹೊಗಳಿದ ಮೇಲೆ ಎಚ್ಚರಿಕೆಯ ಮಾತುಗಳನ್ನೂ ಹೇಳದಿದ್ದರೆ ಪಾಠ ಅಪೂರ್ಣವಾದೀತು.

ಮೊದಲನೆಯದು: ಸರಾಸರಿ ಎಂಬುದು ಪ್ರತಿಯೊಬ್ಬನಿಗೂ ಕೊಟ್ಟ ಭರವಸೆಯಲ್ಲ. ಪುಸ್ತಕ ತುಂಬಿದ ಗಳಿಗೆಯಲ್ಲಿ ಬಂದ ಹುಡುಗ ಬಾಗಿಲಲ್ಲಿ ಕಾಯಲೇಬೇಕು. ಅವನ ಮುಂದೆ ಹಳಬರ ಹೆಸರುಗಳೆಲ್ಲ ನಕಲಾಗಬೇಕು. ಸಾಮಾನ್ಯ ಕಾರ್ಯಗಳಲ್ಲಿ ಈ ತಡ ಗಣನೆಗೆ ಬಾರದು. ಆದರೆ ಧ್ವನಿಯನ್ನು ತಡೆಯಿಲ್ಲದೆ ಕಳುಹಿಸುವ ಗಣಕ ನಡುವೆ ಒಂದು ಕ್ಷಣ ನಿಂತರೆ ಕೇಳುವವರ ಕಿವಿಗೆ ಅದು ಒಡಕಾಗಿ ಬೀಳುತ್ತದೆ. ಅಂಥ ಕೆಲಸ ಮಾಡುವವರು ಮೊದಲೇ ಬೇಕಾದಷ್ಟು ಸ್ಥಳವನ್ನು ಹಿಡಿದಿಟ್ಟುಕೊಳ್ಳುತ್ತಾರೆ. ಜಾವಾ ಪಟ್ಟಿಗೂ ‘ಇಷ್ಟು ಮಂದಿ ಬರುವವರಿದ್ದಾರೆ, ಸ್ಥಳ ಸಿದ್ಧಮಾಡು’ ಎಂದು ಮುಂಚಿತವಾಗಿ ಹೇಳಬಹುದು. ಬರುವ ನೆಂಟರ ಲೆಕ್ಕ ತಿಳಿದಿರುವಾಗ ಎಲೆ ಹಾಕಿಸಿಡುವುದು ಗೃಹಸ್ಥನ ಲಕ್ಷಣವಷ್ಟೆ.

ಎರಡನೆಯದು: ಕೊನೆಯಲ್ಲಿ ಸೇರಿಸುವುದು ಹಗುರ, ನಡುವೆ ಸೇರಿಸುವುದು ಹಗುರವಲ್ಲ. ಮೊದಲ ಗೆರೆಯಲ್ಲಿ ಒಂದು ಹೆಸರನ್ನು ನುಗ್ಗಿಸಬೇಕಾದರೆ ಉಳಿದ ಪ್ರತಿಯೊಂದು ಹೆಸರೂ ಒಂದೊಂದು ಗೆರೆ ಕೆಳಗಿಳಿಯಬೇಕು. ತೆಗೆದರೆ ಎಲ್ಲವೂ ಮೇಲೇರಬೇಕು. ಮನೆಗಳು ಒತ್ತೊತ್ತಾಗಿರುವುದೇ ಸಾಲಿನ ಗುಣ. ಆ ಗುಣಕ್ಕೆ ತೆರುವ ಬೆಲೆ ಇದು.

ಮೂರನೆಯದು: ಹೆಸರುಗಳನ್ನು ಅಳಿಸಿದರೂ ಜಾವಾದ ಪಟ್ಟಿ ತಾನಾಗಿ ಸಣ್ಣ ಪುಸ್ತಕಕ್ಕೆ ಇಳಿಯುವುದಿಲ್ಲ. ಲಕ್ಷ ಹೆಸರಿದ್ದಲ್ಲಿ ಹತ್ತು ಉಳಿದರೂ ಲಕ್ಷ ಗೆರೆಗಳು ಹಾಗೆಯೇ ಇರುತ್ತವೆ. ಬೇಡವಾದ ಗೆರೆಗಳನ್ನು ಕತ್ತರಿಸಿ ಹಾಕೆಂದು ನಾವೇ ಹೇಳಬೇಕು. ಇದು ಸೋಮಾರಿತನವೆಂದು ಭಾವಿಸಬಾರದು. ಅರ್ಧಕ್ಕಿಳಿದ ಕೂಡಲೆ ಅರ್ಧ ಪುಸ್ತಕಕ್ಕೆ ಹೋಗುವ ಪಟ್ಟಿಯನ್ನು ಊಹಿಸಿ. ಅಲ್ಲಿ ಒಬ್ಬ ಬಂದರೆ ದೊಡ್ಡ ಪುಸ್ತಕ, ಅವನು ಹೋದರೆ ಸಣ್ಣದು, ಮತ್ತೆ ಬಂದರೆ ಮತ್ತೆ ದೊಡ್ಡದು. ಒಬ್ಬನ ಹೋಗಿಬರುವಿಕೆಗೆ ಊರೆಲ್ಲ ನಕಲಿನ ಕೆಲಸ. ಕುಗ್ಗಲೇಬೇಕಾದರೆ ಕಾಲುಭಾಗಕ್ಕೆ ಇಳಿಯುವ ತನಕ ಕಾದು ಅರ್ಧಕ್ಕೆ ಕುಗ್ಗುವುದು ಬಲ್ಲವರ ಕ್ರಮ.

ನಾಲ್ಕನೆಯದು: ಪಟ್ಟಿಯನ್ನು ಒಂದು ಕಡೆಯಿಂದ ಓದುತ್ತಿರುವಾಗಲೇ ಅದರಿಂದ ಹೆಸರು ತೆಗೆಯಬಾರದು. ಹಾಜರಿ ಕೂಗುತ್ತಿರುವಾಗ ಯಾರೋ ಬಂದು ನಡುವಿನ ಒಂದು ಹೆಸರನ್ನು ಅಳಿಸಿ ಉಳಿದವನ್ನು ಮೇಲೇರಿಸಿದರೆ, ಒಬ್ಬನ ಹೆಸರು ಕೂಗದೆಯೇ ಉಳಿದುಹೋಗಬಹುದು. ಇದನ್ನು ತಡೆಯಲು ಜಾವಾದ ಪಟ್ಟಿ ತನ್ನಲ್ಲಿ ಎಷ್ಟು ಸಲ ಸೇರಿಕೆ ಅಳಿಕೆಗಳಾದವೆಂಬ ಲೆಕ್ಕವನ್ನು ಒಳಗೇ ಇಟ್ಟಿರುತ್ತದೆ. ಓದುವವನು ಆರಂಭದಲ್ಲಿ ನೋಡಿದ ಲೆಕ್ಕಕ್ಕೂ ಈಗಿನ ಲೆಕ್ಕಕ್ಕೂ ಹೊಂದದೆ ಇರುವುದು ಕಂಡರೆ ಸಾಮಾನ್ಯವಾಗಿ ಕೆಲಸ ಅಲ್ಲಿಯೇ ನಿಂತು ತಪ್ಪನ್ನು ಸಾರುತ್ತದೆ.

ಕೊನೆಯದಾಗಿ, ವ್ಯಾಕರಣ ಬಲ್ಲವರಿಗೆ ರುಚಿಸುವ ಒಂದು ಸಂಗತಿ. ಸಂಖ್ಯೆಗಳದೇ ಒಂದು ಪಟ್ಟಿ ಇದೆ ಎನ್ನಿ. ಜಾವಾದಲ್ಲಿ ‘ತೆಗೆ, ೫’ ಎಂದು ಬರೆದರೆ ಪಟ್ಟಿ ಐದೆಂಬ ಸಂಖ್ಯೆಯನ್ನು ತೆಗೆಯುವುದಿಲ್ಲ. ೫ ಎಂಬ ಸ್ಥಾನದಲ್ಲಿರುವುದನ್ನು, ಎಂದರೆ ನಮ್ಮ ಎಣಿಕೆಯ ಆರನೆಯದನ್ನು ತೆಗೆಯುತ್ತದೆ. ಐದನ್ನೇ ತೆಗೆಯಬೇಕಾದರೆ ಅದನ್ನು ಒಂದು ಆಬ್ಜೆಕ್ಟಾಗಿ ಮಾಡಿ ಒಪ್ಪಿಸಬೇಕು. ಅನುಭವಿಗಳೂ ಇಲ್ಲಿ ಎಡವುವುದುಂಟು. ಕನ್ನಡದಲ್ಲಿ ಈ ತೊಡಕಿಲ್ಲ. ‘ಐದನ್ನು ತೆಗೆ’ ಎಂದರೆ ಒಂದು ಅರ್ಥ, ‘ಐದನೆಯದನ್ನು ತೆಗೆ’ ಎಂದರೆ ಇನ್ನೊಂದು. ಸಂಖ್ಯಾವಾಚಕಕ್ಕೆ ‘ಅನೆಯ’ ಎಂಬ ಪ್ರತ್ಯಯ ಹತ್ತಿದರೆ ಅದು ಸಂಖ್ಯೇಯವಾಚಕವಾಗುತ್ತದೆಂದು ನಾವು ಪ್ರೌಢಶಾಲೆಯಲ್ಲಿ ಕಲಿಸುವ ಸೂತ್ರ ಪರೀಕ್ಷೆಗಾಗಿ ಮಾತ್ರವಲ್ಲ. ಆ ಭೇದವನ್ನು ತನ್ನ ನುಡಿಯಲ್ಲಿ ಚೆನ್ನಾಗಿ ಅರಿತ ಹುಡುಗಿ ಜಾವಾದ ಈ ಎರಡು ‘ತೆಗೆ’ಗಳ ಮುಂದೆ ದಿಗಿಲುಗೊಳ್ಳುವುದಿಲ್ಲ, ‘ಇದು ಸಂಖ್ಯೆಯೋ ಸ್ಥಾನವೋ?’ ಎಂದು ತಾನೇ ಕೇಳಿಕೊಳ್ಳುತ್ತಾಳೆ.

ಹೀಗೆ, ತಾನಾಗಿ ಬೆಳೆಯುವುದೆಂದು ಹೆಸರಾದ ಪಟ್ಟಿ ತಾನಾಗಿ ಬೆಳೆಯುವುದಿಲ್ಲವೆಂದು ಕಂಡೆವು. ಅದು ತುಂಬಿದಾಗ ಇದ್ದುದಕ್ಕೆ ತಕ್ಕಷ್ಟು ದೊಡ್ಡ ಸ್ಥಳವನ್ನು ಹುಡುಕುತ್ತದೆ. ಹಳೆಯದನ್ನು ಒಂದೂ ಬಿಡದೆ ಹೊತ್ತೊಯ್ಯುತ್ತದೆ. ಅದರ ಶ್ರಮವನ್ನು ಸೇರಿದವರಿಗೆಲ್ಲ ಸಮನಾಗಿ ಹಂಚುತ್ತದೆ. ಹೊರಗೆ ಮಾತ್ರ ತನ್ನ ಹೆಸರನ್ನು ಬದಲಾಯಿಸದೆ ನಿಲ್ಲುತ್ತದೆ. ಹೊಸ ವಿದ್ಯೆಗಳ ಹೆಸರುಗಳು ಒಂದರ ಹಿಂದೊಂದು ಬಂದು ಸೇರುತ್ತಿರುವ ನಮ್ಮ ಭಾಷೆಯೂ ಇದೇ ಕ್ರಮದಿಂದ ಬೆಳೆಯಬಲ್ಲುದು. ಸ್ಥಳ ಸಾಲದೆಂದು ಬಾಗಿಲು ಮುಚ್ಚಬೇಕಾಗಿಲ್ಲ, ಹಳೆಯ ಪುಟಗಳನ್ನು ಹರಿದುಹಾಕಬೇಕಾಗಿಯೂ ಇಲ್ಲ. ಮುಂದೆ ಬರುವ ಮಕ್ಕಳ ತಲೆಗೆ ಸಾವಿರ ರೂಪಾಯಿಯ ದಂಡ ಬೀಳದಂತೆ, ಇಂದಿನವರು ನಾವು ತಲಾ ಮೂರು ರೂಪಾಯಿ ಕಟ್ಟಿಡುವುದಕ್ಕೆ ಒಪ್ಪಿದರೆ ಸಾಕು.